ಡ್ರೆಸ್ಸಿಂಗ್ ಪರ್ಸೆಂಟೇಜ್: ಅದು ಮಾಂಸದ ಲೆಕ್ಕವಲ್ಲ

ಉಡುಪಿ ಕಡೆ ವಾಟ್ಸಾಪ್‌ನಲ್ಲಿ ಬರುವ ಆಡು ಮಾರಾಟದ ಮೆಸೇಜುಗಳಲ್ಲಿ ‘ಡ್ರೆಸ್ಸಿಂಗ್ 60 ಪರ್ಸೆಂಟ್, ಅಷ್ಟೂ ಮಾಂಸ’ ಅಂತ ಬರೆಯುತ್ತಾರೆ. ಎರಡೂ ತಪ್ಪು. ಆಡುಗಳಲ್ಲಿ ಇದು ಸಾಮಾನ್ಯವಾಗಿ 40ರಿಂದ 50ರ ನಡುವೆ ಇರುತ್ತದೆ. ಮತ್ತೆ ಅದು ಮಾಂಸದ ಪಾಲೂ ಅಲ್ಲ.

ಕಡಿದು ತಲೆ, ಕಾಲು, ಚರ್ಮ, ರಕ್ತ, ಹೊಟ್ಟೆ, ಕರುಳು ತೆಗೆದ ಮೇಲೆ ಅಂಗಡಿಯ ಕೊಕ್ಕೆಗೆ ನೇತುಹಾಕುತ್ತಾರಲ್ಲ, ಆ ಮೈ ಜೀವಂತ ತೂಕದಲ್ಲಿ ನೂರಕ್ಕೆ ಎಷ್ಟು ಅನ್ನುವುದೇ ಡ್ರೆಸ್ಸಿಂಗ್. ಅದರಲ್ಲಿ ಮೂಳೆ ಇದೆ, ಕೊಬ್ಬೂ ಇದೆ.

ಜಾಸ್ತಿ ಗೊಂದಲ ಆಗುವುದು ಹೊಟ್ಟೆಯ ವಿಷಯದಲ್ಲಿ. 20 ಕೆಜಿ ಆಡಿನಿಂದ 9 ಕೆಜಿ ಮೈ ಸಿಕ್ಕಿದರೆ 45 ಪರ್ಸೆಂಟ್. ಅದೇ ಆಡು ಬೆಳಿಗ್ಗೆ ಹಲಸಿನ ಸೊಪ್ಪು ಮೇದು, ನೀರು ಕುಡಿದು 22 ಕೆಜಿ ತೂಗಿದರೆ? ಮೈ ಅದೇ 9 ಕೆಜಿ, ಡ್ರೆಸ್ಸಿಂಗ್ ಮಾತ್ರ 41ಕ್ಕೆ ಇಳಿಯಿತು. ಹೊಟ್ಟೆ ಖಾಲಿ ಇಟ್ಟು ತೂಗಿದ್ದೋ, ಮೇಯಿಸಿ ತೂಗಿದ್ದೋ ಹೇಳದೆ ಕೊಡುವ ಅಂಕಿಯನ್ನು ನಂಬಲೇಬೇಡಿ.

ಸೊಪ್ಪು, ಹುಲ್ಲು ನಿಧಾನಕ್ಕೆ ಕರಗುತ್ತವೆ, ಹೊಟ್ಟೆಯಲ್ಲೇ ತುಂಬಿಕೊಂಡಿರುತ್ತವೆ. ಜೋಳದ ನುಚ್ಚು, ಶೇಂಗಾ ಹಿಂಡಿ ಕೊಟ್ಟು ಸಾಕಿದ ಆಡಿನ ಹೊಟ್ಟೆಯಲ್ಲಿ ಭಾರ ಕಡಿಮೆ, ಮೈ ಬೆಳೆಯುವುದೂ ಬೇಗ. ಅದಕ್ಕೇ ಅದರ ಡ್ರೆಸ್ಸಿಂಗ್ ಜಾಸ್ತಿ. ಹಾಗಂತ ಸುಮ್ನೆ ಹಿಂಡಿ ಸುರಿಯಬೇಡಿ. ಆಡಿನ ಕೊಬ್ಬು ಚರ್ಮದಡಿಗಿಂತ ಮೊದಲು ಒಳಗೆ ಕೂರುತ್ತದೆ. ಮೂತ್ರಪಿಂಡದ ಸುತ್ತ ಬಿಳಿ ಗಡ್ಡೆಯಾಗಿ, ಕರುಳಿನ ಮೇಲೆ ಬಲೆಯ ಹಾಗೆ ಹರಡಿ. ಕರುಳಿನ ಜೊತೆ ಆ ಬಲೆಯೂ ಹೋಗುತ್ತದೆ, ತಿನ್ನಿಸಿದ ದುಡ್ಡೂ ಹೋಗುತ್ತದೆ. ಒಮ್ಮೆಲೇ ಕಾಳು ಜಾಸ್ತಿ ಕೊಟ್ಟರೆ ಹೊಟ್ಟೆ ಹುಳಿಯಾಗಿ ಆಡೇ ಸತ್ತೀತು.

ವಯಸ್ಸಿನದ್ದು ಸರಳ. ಹಾಲು ಕುಡಿಯುವ ಮರಿಯ ಮೆಲುಕು ಹೊಟ್ಟೆ ಇನ್ನೂ ಚಿಕ್ಕದು, ಡ್ರೆಸ್ಸಿಂಗ್ ಚೆನ್ನಾಗಿರುತ್ತದೆ. ಸೊಪ್ಪಿಗೆ ಬಿದ್ದಾಗ ಇಳಿಯುತ್ತದೆ. ಆಮೇಲೆ ಬೆಳೆದಂತೆ ಮೂಳೆಯ ಪಾಲು ತಗ್ಗಿ, ಮಾಂಸ, ಕೊಬ್ಬು ಕೂಡಿ ಮತ್ತೆ ಏರುತ್ತದೆ. ಆದರೆ ಮುದಿ ಹೋತದ ಪರ್ಸೆಂಟೇಜ್ ನೋಡಿ ಖುಷಿಪಡಬೇಡಿ. ಅದರ ಮಾಂಸ ಗಡುಸು, ವಾಸನೆಯೂ ಜೋರು.

ಕೊಳ್ಳುವಾಗ ಕೇಳಬೇಕಾದದ್ದು ಮೂರು: ವಯಸ್ಸೆಷ್ಟು, ಏನು ತಿಂದಿದೆ, ತೂಗಿದ್ದು ಯಾವಾಗ?