ಏಳು ತಂಡ ಬಿಟ್ಟವನಿಗೆ ಎಂಟನೆಯ ತಂಡ ಯಾಕೆ ಫೋನ್ ಮಾಡುತ್ತದೆ?

ಓದುಗರ ಪ್ರಶ್ನೆ: "ನಮ್ಮ ತಂಡ ಹೊಸದಾಗಿ ಸೇರಿಸಿಕೊಂಡ ಡಿಫೆನ್ಸಿವ್ ಟ್ಯಾಕಲ್ (ರಕ್ಷಣಾ ಸಾಲಿನ ನಡುವೆ ನಿಂತು ಎದುರಾಳಿಯ ಓಟ ತಡೆಯುವವನು) ಒಂಬತ್ತು ವರ್ಷದಲ್ಲಿ ಏಳು ತಂಡ ಸುತ್ತಿ ಬಂದಿದ್ದಾನೆ. ಎಲ್ಲರೂ ಹೊರಗೆ ಹಾಕಿದವನನ್ನು ಇವರು ಯಾಕೆ ತಂದರು? ನಿಜವಾಗಿ ಆಡುವವನಾಗಿದ್ದರೆ ಒಬ್ಬರಾದರೂ ಉಳಿಸಿಕೊಳ್ಳುತ್ತಿರಲಿಲ್ಲವೇ?"

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಗಸ್ಟ್ ಕೊನೆಗೆ ರೋಸ್ಟರ್, ಅಂದರೆ ತಂಡದ ಆಟಗಾರರ ಪಟ್ಟಿ, 53ಕ್ಕೆ ಇಳಿಯುವ ದಿನ ಈ ಪ್ರಶ್ನೆ ತಪ್ಪದೆ ಬರುತ್ತದೆ. ನವೆಂಬರ್‌ನಲ್ಲಿ ಯಾರದ್ದೋ ಮೊಣಕಾಲು ಹೋದಾಗ ಇನ್ನೊಮ್ಮೆ ಬರುತ್ತದೆ. ಪ್ರತಿ ಸಲವೂ ಹೇಳುವುದು ಒಂದೇ: ಎನ್‌ಎಫ್‌ಎಲ್‌ನಲ್ಲಿ ಕಟ್ ಆಗುವುದಕ್ಕೂ (ತಂಡ ಬಿಟ್ಟುಬಿಡುವುದಕ್ಕೂ) ಆಟ ಬಾರದಿರುವುದಕ್ಕೂ ನೀವು ಅಂದುಕೊಂಡಷ್ಟು ನಂಟಿಲ್ಲ.

ಅಲ್ ವುಡ್ಸ್‌ನ ದಾರಿ ನೋಡಿ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದ ನೋಸ್ ಟ್ಯಾಕಲ್ (ಸಾಲಿನ ನಟ್ಟನಡುವೆ ನಿಲ್ಲುವ ಟ್ಯಾಕಲ್), ಸುಮಾರು 330 ಪೌಂಡ್ ತೂಕದ ಆಳು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ, 2010ರಲ್ಲಿ, 4ನೇ ಸುತ್ತಿನಲ್ಲಿ ಸೇಂಟ್ಸ್ ತಂಡ ಆರಿಸಿಕೊಂಡಿತು. ಅವರ ಪರ ಒಂದು ಪಂದ್ಯವನ್ನೂ ಆಡದೆ ಹೊರಬಿದ್ದ. 2011 ಮುಗಿಯುವಷ್ಟರಲ್ಲಿ ಬುಕನೀರ್ಸ್, ಸೀಹಾಕ್ಸ್, ಸ್ಟೀಲರ್ಸ್ ಮೂರನ್ನೂ ನೋಡಿಯಾಗಿತ್ತು. ಆಮೇಲೆ ಟೈಟನ್ಸ್‌ನಲ್ಲಿ ಮೂರು ವರ್ಷ, ಕೋಲ್ಟ್ಸ್‌ನಲ್ಲಿ ಎರಡು ವರ್ಷ. 2019ರಲ್ಲಿ ಮತ್ತೆ ಸೀಹಾಕ್ಸ್. 2020ರಲ್ಲಿ ಜಾಗ್ವಾರ್ಸ್‌ಗೆ ಸಹಿ ಹಾಕಿದರೂ ಕೋವಿಡ್ ಕಾರಣಕ್ಕೆ ಆ ಸೀಸನ್ ಆಡಲಿಲ್ಲ. 2021ರಲ್ಲಿ ಮೂರನೇ ಬಾರಿ ಸೀಹಾಕ್ಸ್, 2023ರಲ್ಲಿ ಜೆಟ್ಸ್. ಆಗ ವಯಸ್ಸು 36. ಹೊರಗೆ ಹಾಕಿದವನನ್ನು ಅದೇ ತಂಡ ಮೂರು ಸಲ ಕರೆಯುತ್ತದೆಯೇ? ನೀವೇ ಹೇಳಿ.

ಈ ತಪ್ಪು ತಿಳಿವಳಿಕೆ ಹುಟ್ಟುವುದು ಎಲ್ಲಿ ಅನ್ನುವುದೂ ಗೊತ್ತಿದೆ. ಐಪಿಎಲ್ ನೋಡಿ ಬೆಳೆದ ಕಣ್ಣಿಗೆ "ರಿಲೀಸ್" ಅಂದರೆ ತೀರ್ಪು. ಅಲ್ಲಿ ಸೀಸನ್ ಮುಗಿದ ಮೇಲೆ ಪಟ್ಟಿ ಬರುತ್ತದೆ, ಆಮೇಲೆ ಹರಾಜು. ಬುಧವಾರ ಬಿಟ್ಟವನನ್ನು ಶನಿವಾರ ವಾಪಸ್ ಕರೆಸುವ ಪದ್ಧತಿ ಇಲ್ಲ. ಎನ್‌ಎಫ್‌ಎಲ್‌ನಲ್ಲಿ ಅದು ಗುಮಾಸ್ತರ ದಿನಚರಿ. ರಿಕಿ ಜೀನ್ ಫ್ರಾಂಸ್ವಾ ಎಂಬ ಇನ್ನೊಬ್ಬ ಡಿಫೆನ್ಸಿವ್ ಲೈನ್‌ಮನ್‌ನನ್ನು 2017ರ ಒಂದೇ ಸೀಸನ್‌ನಲ್ಲಿ ಪ್ಯಾಕರ್ಸ್ ಬಿಟ್ಟಿತು, ಮತ್ತೆ ತೆಗೆದುಕೊಂಡಿತು, ಮತ್ತೆ ಬಿಟ್ಟಿತು. ಅವನು ಪೇಟ್ರಿಯಟ್ಸ್ ಸೇರಿ, 2018ರ ಫೆಬ್ರವರಿಯ ಫೈನಲ್ ಸೂಪರ್ ಬೌಲ್‌ವರೆಗೂ ಹೋದ.

ಈಗ ಲೆಕ್ಕ. ಸೀಸನ್‌ಗೆ ಮೊದಲಿನ ತರಬೇತಿ ಕ್ಯಾಂಪ್‌ನಲ್ಲಿ ಒಂದು ತಂಡಕ್ಕೆ 90 ಜನ, ಸೀಸನ್‌ಗೆ 53. ಅಂದರೆ ತಂಡಕ್ಕೆ 37, ಮೂವತ್ತೆರಡು ತಂಡಕ್ಕೆ 1,184 ಜನ ಹೊರಗೆ. 2023ರಿಂದ ಇದೆಲ್ಲ ಒಂದೇ ಗಡುವಿಗೆ ಆಗುತ್ತದೆ. ಮಾರನೆಯ ದಿನದಿಂದಲೇ ಪ್ರತಿ ತಂಡ 16 ಜನರ ಪ್ರಾಕ್ಟೀಸ್ ಸ್ಕ್ವಾಡ್ (53ರ ಹೊರಗೆ, ಅಭ್ಯಾಸಕ್ಕೆ ಇಟ್ಟುಕೊಳ್ಳುವ ಗುಂಪು) ಕಟ್ಟುತ್ತದೆ. ಅಲ್ಲಿಗೆ 512 ಜಾಗ. ಹಾಗಾಗಿ ನೀವು "ಓಡಿಸಿದರು" ಅನ್ನುವವರಲ್ಲಿ ಎಷ್ಟೋ ಜನ ಎರಡು ದಿನದಲ್ಲಿ ಅದೇ ಕಟ್ಟಡದ ಅದೇ ಲಾಕರ್ ಮುಂದೆ ಬಟ್ಟೆ ಬದಲಿಸುತ್ತಿರುತ್ತಾರೆ.

ಇನ್ನು ಯಾರೂ ಗಮನ ಕೊಡದ ನಿಯಮ. ನಾಲ್ಕು ಸೀಸನ್ ಪೂರೈಸದ ಹುಡುಗನನ್ನು ಬಿಟ್ಟರೆ ಅವನು ವೇವರ್‌ಗೆ ಹೋಗುತ್ತಾನೆ. ಉಳಿದ 31 ತಂಡಗಳಲ್ಲಿ ಯಾರು ಬೇಕಾದರೂ ಅವನ ಹಳೆಯ ಒಪ್ಪಂದದ ಸಮೇತ ಎತ್ತಿಕೊಳ್ಳಬಹುದು. ಎರಡು ತಂಡ ಕೇಳಿದರೆ ಅಂಕಪಟ್ಟಿಯಲ್ಲಿ ಕೆಳಗಿರುವ ತಂಡಕ್ಕೆ ಮೊದಲ ಹಕ್ಕು. ನಾಲ್ಕು ಸೀಸನ್ ದಾಟಿದವನಿಗೆ, ಟ್ರೇಡ್ ಗಡುವಿನವರೆಗೆ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಕೊನೆಯ ದಿನದವರೆಗೆ), ವೇವರ್ ಇಲ್ಲ. ಬಿಟ್ಟ ಕ್ಷಣದಿಂದ ಅವನು ಸ್ವತಂತ್ರ, ಎಲ್ಲಿಗೆ ಹೋಗಬೇಕೆಂದು ಅವನೇ ನಿರ್ಧರಿಸುತ್ತಾನೆ.

ಇದರ ಪರಿಣಾಮ ಏನು ಯೋಚಿಸಿ. 53ನೇ ಜಾಗಕ್ಕೆ ಇಬ್ಬರು ಟ್ಯಾಕಲ್‌ಗಳು: ಎರಡನೇ ವರ್ಷದ ಹುಡುಗ, ಒಂಬತ್ತನೇ ವರ್ಷದ ಅನುಭವಿ. ಭಾನುವಾರದ ಪಂದ್ಯಕ್ಕೆ ಅನುಭವಿಯೇ ಮೇಲು ಎಂದು ಕೋಚ್‌ಗೆ ಗೊತ್ತು. ಆದರೂ ಬಿಡುವುದು ಅವನನ್ನೇ. ಹುಡುಗನನ್ನು ವೇವರ್‌ಗೆ ಹಾಕಿದರೆ ಕೈತಪ್ಪುತ್ತಾನೆ. ಅನುಭವಿಗೆ "ಊರಿಗೆ ಹೋಗಬೇಡ, ಹೋಟೆಲ್‌ನಲ್ಲೇ ಇರು" ಅಂದರೆ ಸಾಮಾನ್ಯವಾಗಿ ಇರುತ್ತಾನೆ. ಇನ್ನೊಂದು ಕಾರಣವೂ ಇತ್ತು: ಗಾಯಾಳು ಪಟ್ಟಿಗೆ ಹಾಕಿದವನನ್ನು ಅದೇ ಸೀಸನ್‌ನಲ್ಲಿ ವಾಪಸ್ ತರಬೇಕೆಂದರೆ ಅವನು ಮೊದಲು 53ರ ಪಟ್ಟಿಯಲ್ಲಿ ಒಂದು ದಿನ ಇರಲೇಬೇಕಿತ್ತು. ಆ ಒಂದು ದಿನಕ್ಕೆ ಜಾಗ ಮಾಡಿಕೊಡುತ್ತಿದ್ದವನು ಇಂಥ ಅನುಭವಿಯೇ: ಮಂಗಳವಾರ ಬಿಡುಗಡೆ, ಗಾಯಾಳು ಪಟ್ಟಿಗೆ ಹೋದೊಡನೆ ಮರುಸಹಿ. 2024ರಿಂದ ಇಬ್ಬರ ಮಟ್ಟಿಗೆ ಈ ನಿಯಮ ಸಡಿಲವಾಗಿದೆ. ವಿಕಿಪೀಡಿಯದಲ್ಲಿ ಇದು "ಬಿಡುಗಡೆ, ಮತ್ತೆ ಸಹಿ" ಎಂದು ಎರಡು ಸಾಲಾಗಿ ಉಳಿಯುತ್ತದೆ. ನೀವು ಅದನ್ನು ಓದಿ ಅಯ್ಯೋ ಪಾಪ ಅನ್ನುತ್ತೀರಿ.

ದುಡ್ಡಿನ ಕಾರಣ ಇನ್ನೂ ಒಣದು. ನಾಲ್ಕು ಸೀಸನ್ ದಾಟಿದವನು ಮೊದಲ ವಾರದ ಪಂದ್ಯಕ್ಕೆ ರೋಸ್ಟರ್‌ನಲ್ಲಿದ್ದರೆ, ಆಮೇಲೆ ಬಿಟ್ಟರೂ ಆ ವರ್ಷದ ಉಳಿದ ಸಂಬಳ ಕೇಳುವ ಹಕ್ಕು ಅವನಿಗಿದೆ. ಟರ್ಮಿನೇಶನ್ ಪೇ ಎನ್ನುತ್ತಾರೆ. ಇಡೀ ವೃತ್ತಿಯಲ್ಲಿ ಒಮ್ಮೆ ಮಾತ್ರ ಪಡೆಯಬಹುದು. ಎರಡನೇ ವಾರದಲ್ಲಿ ಸಹಿ ಹಾಕಿದವನಿಗೆ ಇಷ್ಟು ಭದ್ರತೆ ಇಲ್ಲ. ಆದ್ದರಿಂದ ಸೆಪ್ಟೆಂಬರ್ ಮೊದಲ ವಾರ ಮನೆಯಲ್ಲಿ ಕೂತು, ಎರಡನೇ ವಾರ ಕೆಲಸಕ್ಕೆ ಹೋಗುವ ಹಿರಿಯರು ಪ್ರತಿ ವರ್ಷ ಸಿಗುತ್ತಾರೆ. ಅವರ ಆಟ ಆ ಏಳು ದಿನದಲ್ಲಿ ಕೆಟ್ಟು ಸರಿಹೋಗಿಲ್ಲ. ಹಾಗೆಯೇ 2023ರ ಮಾರ್ಚ್‌ನಲ್ಲಿ ಸೀಹಾಕ್ಸ್ ವುಡ್ಸ್‌ನನ್ನು ಬಿಟ್ಟದ್ದು ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕಿದ ಮಿತಿಯಲ್ಲಿ ಜಾಗ ಮಾಡಿಕೊಳ್ಳಲು. ಇಲ್ಲಿ ಒಪ್ಪಂದದ ದೊಡ್ಡ ಮೊತ್ತ ಬಹುಮಟ್ಟಿಗೆ ಖಾತರಿ ಇರುವುದಿಲ್ಲ. "ಮೂರು ವರ್ಷ, ಇಷ್ಟು ಮಿಲಿಯನ್" ಎಂಬ ಸುದ್ದಿ ಓದಿ ಅಷ್ಟೂ ಅವನ ಜೇಬಿಗೆ ಬಂತು ಎಂದುಕೊಳ್ಳಬೇಡಿ. ಗ್ಯಾರಂಟಿ ಎಷ್ಟು ಎಂದಷ್ಟೇ ನೋಡಿ.

ಆಟವೇ ಬಾರದೆ ಕಟ್ ಆಗುವವರು ಇಲ್ಲವೆಂದಲ್ಲ. ಆದರೆ ಅವರು ಏಳು ತಂಡ ನೋಡುವುದಿಲ್ಲ. ಎರಡು ಕ್ಯಾಂಪ್‌ಗೆ ಮುಗಿಯುತ್ತದೆ, ಮೂರನೆಯವರು ಫೋನ್ ಮಾಡುವುದಿಲ್ಲ. ತಂಡಗಳ ಉದ್ದ ಪಟ್ಟಿ ಇದೆಯೆಂದರೆ ಅಷ್ಟು ಸಲ ಬೇರೆ ಬೇರೆ ಕೋಚ್‌ಗಳು ವಿಡಿಯೋ ನೋಡಿ ಇವನು ಸಾಕು ಎಂದು ಒಪ್ಪಿದ್ದಾರೆ ಎಂದರ್ಥ. ನೀವು ಆ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಿದ್ದೀರಿ.

ಕೆಲಸ ಸಿಗುವ ಕ್ರಮ ಹೀಗೆ. ಭಾನುವಾರ ಟ್ಯಾಕಲ್‌ಗೆ ಗಾಯ. ಸೋಮವಾರ ಎಂಆರ್‌ಐ. ಮಂಗಳವಾರ ಆಟಗಾರರಿಗೆ ರಜೆ, ಮೈದಾನ ಖಾಲಿ. ಅವತ್ತೇ ನಾಲ್ಕೈದು ಜನರನ್ನು ಕರೆಸಿ ನೋಡುತ್ತಾರೆ. ಮೊದಲು ವೈದ್ಯಕೀಯ ತಪಾಸಣೆ: ಹಳೆಯ ಮೊಣಕಾಲು, ಭುಜ, ಬೆನ್ನು. ಇಲ್ಲೇ ಅರ್ಧ ಆಸೆಗಳು ಮುಗಿಯುತ್ತವೆ. ಆಮೇಲೆ ಚೆಂಡು ಅಲುಗಿದೊಡನೆ ನೆಗೆಯುವುದು, ಸ್ಲೆಡ್‌ಗೆ (ತಳ್ಳಿ ಅಭ್ಯಾಸ ಮಾಡುವ ಭಾರದ ಚೌಕಟ್ಟಿಗೆ) ಕೈ ಹೊಡೆಯುವುದು, ಬ್ಯಾಗ್‌ಗಳ ನಡುವೆ ಪಾದ ಚಲಿಸುವುದು. ತೂಕ ಏರಿಸಿಕೊಂಡು ಬಂದವನು ಎರಡನೇ ಡ್ರಿಲ್‌ಗೇ ಏದುಸಿರು ಬಿಡುತ್ತಾನೆ, ಮನೆಗೆ ಹೋಗುತ್ತಾನೆ. ಒಪ್ಪಿಗೆಯಾದವನು ಬುಧವಾರ ಅಭ್ಯಾಸಕ್ಕೆ, ಭಾನುವಾರ ಹದಿನೈದಿಪ್ಪತ್ತು ಸ್ನ್ಯಾಪ್‌ಗೆ, ಅಂದರೆ ಅಷ್ಟು ಸಲ ಚೆಂಡು ಆಟಕ್ಕೆ ಬಂದಾಗ.

ಬೇರೆ ತಂಡದ ಪ್ರಾಕ್ಟೀಸ್ ಸ್ಕ್ವಾಡ್‌ನಿಂದಲೂ ತರಬಹುದು. ಆದರೆ ನೇರ ತಮ್ಮ 53ಕ್ಕೇ ಸೇರಿಸಬೇಕು, ಮೂರು ವಾರದ ಸಂಬಳ ಖಚಿತ. ಮುಂದಿನ ಎದುರಾಳಿಯ ಸ್ಕ್ವಾಡ್‌ಗೆ ಕೈಹಾಕುವುದಿದ್ದರೆ ಪಂದ್ಯಕ್ಕೆ ಆರು ದಿನ ಮೊದಲೇ ಆಗಬೇಕು. ಇಲ್ಲದಿದ್ದರೆ ಎಲ್ಲರೂ ಎದುರಾಳಿಯ ಗುಟ್ಟು ಕೊಂಡು ತರುತ್ತಿದ್ದರು. ಸ್ವಂತ ಸ್ಕ್ವಾಡ್‌ನವನನ್ನು ಒಂದು ಪಂದ್ಯದ ಮಟ್ಟಿಗೆ ಮೇಲೆತ್ತುವ ಅವಕಾಶ ಸೀಸನ್‌ಗೆ ಮೂರು ಸಲ. ನಾಲ್ಕನೇ ಸಲ ಆಡಿಸಬೇಕಾದರೆ 53ರಲ್ಲಿ ಜಾಗ ಕೊಡಲೇಬೇಕು. 2025ರ ದರದಲ್ಲಿ ಹೊಸ ಹುಡುಗನಿಗೆ ಸ್ಕ್ವಾಡ್‌ನಲ್ಲಿ ವಾರಕ್ಕೆ 13,000 ಡಾಲರ್. ನಾಲ್ಕರಿಂದ ಆರು ಸೀಸನ್ ಆಡಿದವನಿಗೆ ರೋಸ್ಟರ್‌ನ ಕನಿಷ್ಠ ಸಂಬಳ ವರ್ಷಕ್ಕೆ 11.7 ಲಕ್ಷ ಡಾಲರ್. 18 ವಾರಕ್ಕೆ ಭಾಗಿಸಿದರೆ ವಾರಕ್ಕೆ 65,000. ಹುಡುಗನ ಸ್ಕ್ವಾಡ್ ವಾರಕ್ಕೂ ಅನುಭವಿಯ ರೋಸ್ಟರ್ ವಾರಕ್ಕೂ ಇರುವ ಅಂತರ ಇದು.

ಬುಧವಾರ ಬಂದವನು ಭಾನುವಾರ ಹೇಗೆ ಆಡುತ್ತಾನೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ದಾಳಿ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಇದು ದುಸ್ತರ. ಒಳಲೈನಿನವನಿಗೆ ಸಾಧ್ಯ, ಯಾಕೆಂದರೆ ಅವನ ಕಸುಬಿನ ಬಹುಪಾಲು ಎಲ್ಲ ತಂಡದಲ್ಲೂ ಒಂದೇ. ಎದುರಾಳಿ ಸಾಲಿನ ನಡುವಿನ ಸೆಂಟರ್‌ನ ನೇರ ಎದುರು ನಿಂತರೆ ಸೊನ್ನೆ ಟೆಕ್ನಿಕ್, ಸೆಂಟರ್ ಪಕ್ಕದ ಗಾರ್ಡ್‌ನ ಹೊರಭುಜಕ್ಕೆ ನಿಂತರೆ ಮೂರು. ಕರೆಯುವ ಹೆಸರು ಬದಲಾದರೂ ನಿಲ್ಲುವ ಜಾಗ ಬದಲಾಗದು. ಮೂರು ಬಿಂದುವಿನ ನಿಲುವು, ಮೊದಲ ಹೆಜ್ಜೆ ಗಿಡ್ಡ, ಅಂಗೈಯ ಬುಡ ಎದುರಾಳಿಯ ಎದೆಪ್ಯಾಡ್ ಕೆಳಗೆ, ಕೈ ಒಳಗಡೆಯಿಂದ, ಭುಜ ಅವನಿಗಿಂತ ತಗ್ಗಿನಲ್ಲಿ. ಇಬ್ಬರು ಒಟ್ಟಿಗೆ ತಳ್ಳಿದರೆ ಸೊಂಟ ಇಳಿಸಿ, ಒಂದು ಮೊಣಕಾಲು ನೆಲಕ್ಕೆ ತಂದಾದರೂ ಇದ್ದಲ್ಲೇ ಇರಬೇಕು. ಸೊಂಟ ಎದ್ದಿತೋ, ಗಾರ್ಡ್ ಅವನನ್ನು ಸೆಂಟರ್‌ಗೆ ಒಪ್ಪಿಸಿ ಟ್ಯಾಕಲ್‌ನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ಎದುರಾಳಿಗೆ ಎಂಟು ಗಜದ ಓಟ.

ಸೊಂಟ ಏಳದಿದ್ದರೆ ಲೈನ್‌ಬ್ಯಾಕರ್‌ನನ್ನು ತಡೆಯುವವರು ಉಳಿಯುವುದಿಲ್ಲ. ಲೈನ್‌ಬ್ಯಾಕರ್ ಬಂದು ಚೆಂಡು ಹಿಡಿದವನನ್ನು ಬೀಳಿಸುತ್ತಾನೆ, ಬೀಳಿಸಿದ ಲೆಕ್ಕ ಅವನ ಹೆಸರಿಗೆ. ಇಬ್ಬರನ್ನು ಹಿಡಿದಿಟ್ಟವನ ಅಂಕಿಪಟ್ಟಿಯಲ್ಲಿ ಸೊನ್ನೆ. "ಸೀಸನ್ನಿಗೆ ಒಂದೇ ಸ್ಯಾಕ್" (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸುವುದು) ಎಂದು ಮೂಗು ಮುರಿಯುವವರು ಇದನ್ನು ನೋಡಿರುವುದಿಲ್ಲ. ಚೆಂಡು ಎಸೆಯುವುದು (ಪಾಸ್) ಖಚಿತವಾದ ಮೂರನೇ ಡೌನ್‌ನಲ್ಲಿ, ಅಂದರೆ ಮೂರನೇ ಯತ್ನದಲ್ಲಿ, ನೋಸ್ ಟ್ಯಾಕಲ್ ಸಾಮಾನ್ಯವಾಗಿ ಬೆಂಚಿನಲ್ಲೇ ಇರುತ್ತಾನೆ. ಆಡದ ಸ್ನ್ಯಾಪ್‌ನಲ್ಲಿ ಸ್ಯಾಕ್ ಎಲ್ಲಿಂದ ತರಲಿ?

ಅವನ ಹೊಟ್ಟೆಪಾಡಿನ ಲೆಕ್ಕ ಬೇರೆಯೇ. ಒಂದು ಸೀಸನ್‌ನಲ್ಲಿ ಮೂರು ಪಂದ್ಯದ ಅವಧಿ ಪೂರ್ಣ ಸಂಬಳದಲ್ಲಿದ್ದರೆ ಪಿಂಚಣಿಗೆ ಒಂದು ಸೀಸನ್ ಜಮಾ. ಅಂಥ ಮೂರು ಸೀಸನ್ ಆದರೆ ಪಿಂಚಣಿಯ ಹಕ್ಕು, ಆಟ ಬಿಟ್ಟ ಮೇಲೆ ಐದು ವರ್ಷ ಆರೋಗ್ಯ ವಿಮೆ. ಮೈದಾನಕ್ಕೆ ಇಳಿಯಲೇಬೇಕೆಂದಿಲ್ಲ, 53ರಲ್ಲಿದ್ದು ಆ ದಿನದ ಆಡದವರ ಪಟ್ಟಿಗೆ ಬಿದ್ದರೂ, ಗಾಯಾಳು ಪಟ್ಟಿಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಫ್ರೀ ಏಜೆನ್ಸಿಗೆ (ಒಪ್ಪಂದ ಮುಗಿದ ಮೇಲೆ ಬೇಕಾದ ತಂಡ ಸೇರುವ ಹಕ್ಕಿಗೆ) ಬೇಕಾದ ಸೀಸನ್ ಬೇರೆ, ಅದಕ್ಕೆ ಆರು ಪಂದ್ಯ. ಇವೆರಡನ್ನು ಒಂದೇ ಎಂದು ತಿಳಿದು ವಾದಕ್ಕೆ ಬರುವವರೂ ಇದ್ದಾರೆ. ಎರಡು ಸೀಸನ್ ಜಮಾ ಆಗಿರುವ ಟ್ಯಾಕಲ್ ಒಬ್ಬ ಡಿಸೆಂಬರ್‌ನಲ್ಲಿ, ಪ್ಲೇಆಫ್ ಆಸೆ ಸತ್ತ ತಂಡಕ್ಕೆ ಕನಿಷ್ಠ ಸಂಬಳಕ್ಕೆ ಸಹಿ ಹಾಕಿದ್ದು ಕಂಡರೆ, ಉಳಿದಿರುವ ಪಂದ್ಯ ಎಷ್ಟು ಎಂದು ಎಣಿಸಿ. ಮೂರಿದ್ದರೆ ಅವನ ಏಜೆಂಟ್ ತನ್ನ ಕೆಲಸ ಸರಿಯಾಗಿ ಮಾಡಿದ್ದಾನೆ.