ಪದ ಪರಿಚಯ: ಬ್ರಕ್ಸಿಸಮ್ ಅಂದ್ರೆ ಏನು?

ಡೆಂಟಿಸ್ಟ್ ಚೀಟೀಲಿ ಬ್ರಕ್ಸಿಸಮ್ ಅಂತ ಬರೆದಿದ್ದು ನೋಡಿದ್ರೆ ಏನೋ ದೊಡ್ಡ ಕಾಯಿಲೆ ಅಂಟ್ಕೊಂಡಿದೆ ಅನ್ಸುತ್ತೆ. ನಾವು ಹಲ್ಲು ಕಡಿಯೋದು ಅಂತೀವಲ್ಲ, ಅದೇ ಇದು. ಆದ್ರೆ ಕರಕರ ಅಂತ ಉಜ್ಜೋದಷ್ಟೇ ಅಲ್ಲ, ಸದ್ದೇ ಇಲ್ದೆ ದವಡೆ ಬಿಗಿಹಿಡಿಯೋದೂ ಇದರಲ್ಲೇ ಬರುತ್ತೆ. ಸದ್ದು ಬಂದ್ರೆ ಪಕ್ಕದಲ್ಲಿ ಮಲಗಿದವರು ಬೆಳಿಗ್ಗೆ ಹೇಳ್ತಾರೆ, ಬಿಗಿಹಿಡಿಯೋದು ಮಾತ್ರ ಯಾರ ಕಣ್ಣಿಗೂ ಕಿವಿಗೂ ಬೀಳಲ್ಲ, ಹಾಗಾಗಿ ಎಷ್ಟೋ ಜನ ನಂಗೆ ಆ ಅಭ್ಯಾಸ ಇಲ್ವೇ ಇಲ್ಲ ಅನ್ಕೊಂಡೇ ವರ್ಷಗಟ್ಟಲೆ ಹಲ್ಲುನೋವು ಅನುಭವಿಸ್ತಿರ್ತಾರೆ.

ಎಚ್ಚರ ಇದ್ದಾಗಿನದು ಬೇರೆ, ನಿದ್ದೇದು ಬೇರೆ. ತಲೆಬಿಸಿ ಕೆಲಸ ಮಾಡುವಾಗ, ಗಾಡಿ ಓಡಿಸುವಾಗ ಗೊತ್ತಿಲ್ದಂಗೆ ಹಲ್ಲಿಗೆ ಹಲ್ಲು ಒತ್ತಿ ಕೂತಿರ್ತೀವಲ್ಲ, ಅದು ಹಗಲಿನದು. ನಿದ್ದೇದು ನಡೆಯೋ ರೀತಿ ನಂಗಂತೂ ತುಂಬ ಕುತೂಹಲ ಹುಟ್ಟಿಸುತ್ತೆ. ರಾತ್ರಿ ಮಲಗಿದಾಗ ಮೆದುಳು ಆಗಾಗ ಕೆಲವೇ ಸೆಕೆಂಡ್ ಅರೆ ಎಚ್ಚರಕ್ಕೆ ಬಂದು ವಾಪಸ್ ನಿದ್ದೆಗೆ ಜಾರುತ್ತೆ, ಇದು ಎಲ್ಲರಿಗೂ ಆಗೋದೇ. ಹಲ್ಲು ಕಡಿಯೋರಲ್ಲಿ ಆ ಹೊತ್ತಿಗೆ ಮೆದುಳಿನ ಅಲೆಗಳು ಬದಲಾಗಿ, ಎದೆಬಡಿತ ಜೋರಾಗಿ, ಆಮೇಲೆ ದವಡೆ ಸ್ನಾಯು ಬಿಗಿಯಾಗೋಕೆ ಶುರುವಾಗುತ್ತೆ, ಜಾಸ್ತಿ ಸಲ ತೆಳು ನಿದ್ದೇಲೇ. ಅಂದ್ರೆ ಹುಟ್ಟೋದು ಮೆದುಳಲ್ಲಿ, ಏಟು ಬೀಳೋದು ಹಲ್ಲಿಗೆ. ಹಿಂದೆಲ್ಲ ಹಲ್ಲಿನ ಜೋಡಣೆ ಸರಿ ಇಲ್ದಿರೋದೇ ಕಾರಣ ಅಂತ ನಂಬಿ ಒಳ್ಳೇ ಹಲ್ಲನ್ನೇ ತೀಡಿ ಸಮ ಮಾಡ್ತಿದ್ರು, ಆ ನಂಬಿಕೆಗೆ ಗಟ್ಟಿ ಆಧಾರ ಸಿಕ್ಕಿಲ್ಲ. 2018ರಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ ಒಪ್ಪಿದ ವ್ಯಾಖ್ಯೆ ಪ್ರಕಾರ, ಬೇರೇನೂ ತೊಂದರೆ ಇಲ್ಲದವರಲ್ಲಿ ಇದನ್ನ ಕಾಯಿಲೆ ಅಂತ ನೋಡಬಾರದು, ಇದು ಅಗಿಯೋ ಸ್ನಾಯುಗಳ ಒಂದು ಚಟುವಟಿಕೆ ಅಷ್ಟೇ, ಅದರಿಂದ ಹಾನಿ ಆಗ್ತಿದ್ಯಾ ಅನ್ನೋದು ಆಮೇಲಿನ ಪ್ರಶ್ನೆ.

ಹಾನಿ ಆಗ್ತಿದ್ದವರ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಇವತ್ತು ಫಿಲ್ಲಿಂಗ್ ಬಿತ್ತು, ಹಾಕಿಸ್ಕೊಂಡ್ರು, ಸ್ವಲ್ಪ ದಿನಕ್ಕೆ ಪಕ್ಕದ ಹಲ್ಲಿನ ಮೂಲೆ ಮುರೀತು, ಆಮೇಲೆ ಕ್ಯಾಪ್ ಸಡಿಲ ಆಯ್ತು, ತಣ್ಣೀರು ಕುಡಿದ್ರೆ ಜುಮ್ ಅನ್ಸುತ್ತೆ, ಪ್ರತಿ ಸಲವೂ ಅದೊಂದು ಹೊಸ ತೊಂದರೆ ಅಂತಾನೇ ರಿಪೇರಿ ನಡೀತಿರುತ್ತೆ, ಜೊತೆಗೆ ಸರಿಯಾಗಿ ಬ್ರಷ್ ಮಾಡಲ್ವಾ ಅಂತ ಬೈಗುಳ ಬೇರೆ. ಇವರ ಹಲ್ಲಿನ ತುದಿ ಸವೆದು ಚಪ್ಪಟೆ ಆಗಿದ್ಯಾ, ಕೆನ್ನೆ ಒಳಗೆ ಬಿಳಿ ಗೆರೆ ಇದ್ಯಾ, ನಾಲಿಗೆ ಅಂಚಲ್ಲಿ ಹಲ್ಲಿನ ಅಚ್ಚು ಬಿದ್ದಿದ್ಯಾ, ಬೆಳಿಗ್ಗೆ ಎದ್ದಾಗ ಹಣೆಯ ಎರಡೂ ಪಕ್ಕ ನೋಯುತ್ತಾ ಅಂತ ಒಂದು ಸಲ ನೋಡಿದ್ರೆ, ಕೇಳಿದ್ರೆ ಸಾಕು, ಎಲ್ಲಾ ತೊಂದರೆಗೂ ಬೇರು ಒಂದೇನಾ ಅನ್ನೋ ಸುಳಿವು ಸಿಗುತ್ತೆ. ಇನ್ನೊಂದು ವಿಷ್ಯ, ಕೆನ್ನೆಯ ಮ್ಯಾಸೆಟರ್ ಸ್ನಾಯು ದಣಿದ್ರೆ ಆ ನೋವು ದವಡೆ ಹಲ್ಲಿನದೇ ನೋವು ಅನ್ನೋ ಥರ ಅನ್ಸುತ್ತೆ. ಎಕ್ಸ್‌ರೇಲಿ ಏನೂ ಕಾಣದೆ ನೋವು ಮಾತ್ರ ಇದ್ರೆ ರೂಟ್ ಕೆನಾಲ್‌ಗೆ ಒಪ್ಪೋ ಮೊದಲು ಸ್ನಾಯು ಪರೀಕ್ಷೆ ಮಾಡಿ ಅಂತ ಧೈರ್ಯವಾಗಿ ಕೇಳಿ. ಆದ್ರೆ ಕಚ್ಚಿ ಬಿಡುವಾಗ ಚುರುಕ್ ಅಂತ ನೋವಾದ್ರೆ ಅದು ಬಿರುಕು ಇರಬಹುದು, ಬಿರುಕು ಎಕ್ಸ್‌ರೇಲಿ ಕಾಣದೇನೂ ಹೋಗಬಹುದು, ಅದನ್ನ ಮುಂದಕ್ಕೆ ಹಾಕಬೇಡಿ.

ಟೆನ್ಷನ್ ಒಂದು ಕಾರಣ ಅನ್ನೋದು ಗೊತ್ತಿರೋದೇ, ಆದ್ರೆ ಎಲ್ಲಾನೂ ಅದರ ತಲೆಗೆ ಕಟ್ಟೋದು ತಪ್ಪು. ಸಿಗರೇಟ್, ಮದ್ಯ, ಜಾಸ್ತಿ ಕಾಫಿ ಇವಕ್ಕೂ ಇದಕ್ಕೂ ನಂಟಿದೆ. ಖಿನ್ನತೆಗೆ ಕೊಡೋ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್ ಥರದ ಮಾತ್ರೆ ಶುರು ಮಾಡಿದ ಮೇಲೂ ಕೆಲವರಿಗೆ ಇದು ಬರುತ್ತೆ, ಹಾಗಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿದ್ರೆ ಡೋಸ್ ಅಥವಾ ಮಾತ್ರೆ ಬದಲಿಸೋ ದಾರಿ ಇರುತ್ತೆ. ಹಲ್ಲು ಕಡಿಯೋದರ ಜೊತೆ ಜೋರು ಗೊರಕೆ, ನಿದ್ದೇಲಿ ಉಸಿರು ಕಟ್ಟೋದು, ಹಗಲೆಲ್ಲ ತೂಕಡಿಕೆನೂ ಇದ್ರೆ, ನಿದ್ದೇಲಿ ಉಸಿರಾಟ ಹೇಗಿದೆ ಅಂತ ನೋಡೋ ಸ್ಲೀಪ್ ಟೆಸ್ಟ್ ಮಾಡಿಸಿ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ, ಹೆಚ್ಚಿನವರಲ್ಲಿ ಬೆಳೀತಾ ತಾನಾಗೇ ಕಮ್ಮಿ ಆಗುತ್ತೆ.

ಈಗ ನೈಟ್ ಗಾರ್ಡ್, ಅಂದ್ರೆ ರಾತ್ರಿ ಮಲಗುವಾಗ ಹಲ್ಲಿನ ಮೇಲೆ ಹಾಕ್ಕೊಳ್ಳೋ ಕವಚದ ವಿಷ್ಯ. ಗಾರ್ಡ್ ಹಾಕಿದ್ರೆ ಕಡಿಯೋದು ನಿಲ್ಲುತ್ತೆ ಅಂತ ನಂಬಿ, ನಿಲ್ಲಲಿಲ್ಲ ಅಂತ ಬೇಜಾರಾಗಿ ಮೂಲೆಗೆ ಎಸೆಯೋರು ಬಹಳ. ಅದು ನಿಲ್ಲಿಸೋಕೆ ಇರೋದಲ್ಲ, ಹಲ್ಲಿನ ಬದಲು ತಾನು ಸವೆಯೋಕೆ ಇರೋದು. ಗಾರ್ಡ್ ಮೇಲೆ ಗೀರು ಬಿದ್ದಿದೆ ಅಂದ್ರೆ ಅಷ್ಟು ಸವೆತ ನಿಮ್ಮ ಹಲ್ಲಿನ ಗಟ್ಟಿ ಹೊರಪದರ ಅಂದ್ರೆ ಎನಾಮೆಲ್‌ಗೆ ತಪ್ಪಿದೆ ಅಂತ, ಎನಾಮೆಲ್ ಒಂದು ಸಲ ಹೋದ್ರೆ ಮತ್ತೆ ಬೆಳೆಯಲ್ಲ ನೋಡಿ. ಅಳತೆ ಕೊಟ್ಟು ಮಾಡಿಸಿದ ಗಟ್ಟಿ ಗಾರ್ಡೇ ವಾಸಿ, ರೆಡಿಮೇಡ್ ಮೆತ್ತನೇದನ್ನ ಕೆಲವರು ಇನ್ನೂ ಜಾಸ್ತಿ ಅಗೀತಾರೆ. ಬೊಟಾಕ್ಸ್ ಇಂಜೆಕ್ಷನ್ ಕೊಟ್ರೆ ಸ್ನಾಯುವಿನ ಬಲ ಕಮ್ಮಿ ಆಗುತ್ತೆ, ಆದ್ರೆ ಅದರ ಪ್ರಭಾವ 3-4 ತಿಂಗಳು ಅಷ್ಟೇ.

ನಮ್ಮ ಕೈಲಿ ನಿಜವಾಗಿ ಇರೋದು ಹಗಲು. ತುಟಿ ಮುಚ್ಚಿದ್ರೂ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು, ಅದೇ ದವಡೆಯ ಸಹಜ ವಿಶ್ರಾಂತಿ ಸ್ಥಿತಿ. ಊಟ ಮಾಡುವಾಗ, ನುಂಗುವಾಗ ಬಿಟ್ರೆ ಹಲ್ಲಿಗೆ ಹಲ್ಲು ತಾಗೋ ಅಗತ್ಯಾನೇ ಇಲ್ಲ. ಫೋನಲ್ಲಿ ಗಂಟೆಗೊಂದು ರಿಮೈಂಡರ್ ಇಟ್ಕೊಂಡು ಸದ್ದಾದಾಗ ಹಲ್ಲು ತಾಗಿದ್ಯಾ ಅಂತ ನೋಡ್ಕೊಳ್ಳಿ, ತಾಗಿದ್ರೆ ದವಡೆ ಸಡಿಲ ಬಿಡಿ. ನೋವಿರೋ ದಿನ ಚ್ಯೂಯಿಂಗ್ ಗಮ್ ಬೇಡ, ಗಟ್ಟಿ ಪದಾರ್ಥ ಬೇಡ, ಕೆನ್ನೆಗೆ ಬಿಸಿ ಬಟ್ಟೆ ಇಡಿ. ಗಾರ್ಡ್ ಮಾತ್ರ ಬಿಸಿನೀರಲ್ಲಿ ತೊಳೀಬೇಡಿ, ಆಕಾರ ಕೆಡುತ್ತೆ. ಹೊಸ ಕ್ಯಾಪ್ ಅಥವಾ ಫಿಲ್ಲಿಂಗ್ ಹಾಕಿಸ್ಕೊಳ್ಳೋಕೆ ಹೋಗುವಾಗ ಗಾರ್ಡ್ ಜೊತೇಲೇ ತಗೊಂಡು ಹೋಗಿ, ಹಲ್ಲಿನ ಆಕಾರ ಬದಲಾದ್ರೆ ಹಳೇದು ಸರಿಯಾಗಿ ಕೂರಲ್ಲ, ಅಲ್ಲೇ ಸರಿ ಮಾಡಿಸ್ಕೊಂಡು ಬನ್ನಿ.