ಜಕ್ಕೂರಿನಿಂದ ಒಂದು ಸುತ್ತು, ಮನೆಯ ಮೇಜಿನ ಮೇಲೆ

"ಮಾಮ, ವಿಮಾನ ಇನ್ನೂ ನೆಲದ ಮೇಲೇ ಇದೆ. ಎತ್ತರ ಮಾತ್ರ 3,000 ಅಡಿ ಅಂತ ತೋರಿಸ್ತಿದೆ. ಮೀಟರ್ ಕೆಟ್ಟಿದ್ಯಾ?"

ಅಕ್ಕನ ಮಗಳು ಮೊದಲ ಸಲ ನನ್ನ ಕಂಪ್ಯೂಟರ್ ಮುಂದೆ ಕೂತು, ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇಯಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ನಿಲ್ಲಿಸಿಕೊಂಡು ಕೇಳಿದ ಪ್ರಶ್ನೆ ಇದು. ಮೀಟರ್ ಕೆಟ್ಟಿರಲಿಲ್ಲ. ಅದು ಗಾಳಿಯ ಒತ್ತಡ ಅಳೆದು, ಸಮುದ್ರಮಟ್ಟದಿಂದ ನಾವೆಷ್ಟು ಮೇಲಿದ್ದೇವೆ ಎಂದು ಹೇಳುತ್ತದೆ. ಬೆಂಗಳೂರು ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದರೂ ಅಷ್ಟು ಮೇಲೆ ಬದುಕುತ್ತಿದ್ದೇವೆ ಅನ್ನೋದು ಅವಳಿಗೆ ಆವತ್ತೇ ಹೊಳೆದದ್ದು. ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಈ ಹವ್ಯಾಸ ನನಗೆ ಇಷ್ಟು ಇಷ್ಟವಾಗಿರುವುದು ಇದಕ್ಕೇ. ಪರದೆಯ ಮೇಲಿನ ಒಂದು ಮುಳ್ಳು ನಮ್ಮೂರಿನ ಬಗ್ಗೆ, ನಾವು ಉಸಿರಾಡುವ ಗಾಳಿಯ ಬಗ್ಗೆ ಹೇಳುತ್ತದೆ.

ಶುರು ಮಾಡುವವರು ಸಾಮಾನ್ಯವಾಗಿ ದೊಡ್ಡ ಏರ್‌ಬಸ್ಸೋ ಬೋಯಿಂಗೋ ಆರಿಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿ ಎರಡು ತಿಂಗಳು ಬರೀ ಆಟೋಪೈಲಟ್ ಗುಂಡಿ ಒತ್ತುವುದನ್ನು ಕಲಿತೆ. ಹಾರುವುದು ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ಸೆಸ್ನಾ 172ರಿಂದ ಶುರು ಮಾಡಿ. 1955ರಲ್ಲಿ ಮೊದಲು ಹಾರಿದ ನಾಲ್ಕು ಸೀಟಿನ ಈ ವಿಮಾನ 44,000ಕ್ಕೂ ಜಾಸ್ತಿ ತಯಾರಾಗಿದೆ. ಪ್ರಪಂಚದಲ್ಲಿ ಬೇರೆ ಯಾವ ವಿಮಾನವೂ ಇಷ್ಟೊಂದು ತಯಾರಾಗಿಲ್ಲ. ಮೆಲ್ಲಗೆ ಹಾರುತ್ತದೆ, ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತದೆ.

ದುಡ್ಡಿನ ಚಿಂತೆ ಬೇಡ. ಇದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಫ್ಲೈಟ್‌ಗಿಯರ್ ಪೂರ್ತಿ ಉಚಿತ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಅದನ್ನು ತೆರೆದರೆ ಮೊದಲು ಸಿಗುವುದೂ ಸೆಸ್ನಾ 172. ಎಕ್ಸ್‌-ಪ್ಲೇನ್ ದುಡ್ಡಿಗೆ ಸಿಗುತ್ತದೆ, ಡೆಮೊ ಮಾತ್ರ ಉಚಿತ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಉಪಗ್ರಹ ಚಿತ್ರಗಳಿಂದ ಕಟ್ಟಿದ ಭೂಮಿ ಕಣ್ಣಿಗೆ ಹಬ್ಬ. ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಡಿಸ್ಕಿನಲ್ಲಿ 150 ಜಿಬಿ ಜಾಗ, ಜೋರಾದ ಇಂಟರ್ನೆಟ್ ಬೇಕು. ಕೀಬೋರ್ಡಿನಲ್ಲಿ ಮಾತ್ರ ಹಾರಿಸಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತೀರಿ. ಹಿಡಿಯನ್ನು ತಿರುಚಿದರೆ ರಡ್ಡರ್ (ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಹಲಗೆ) ಆಡುವಂಥ ಒಂದು ಜಾಯ್‌ಸ್ಟಿಕ್ ಸಾಕು.

ಈ ತಂತ್ರಾಂಶ ಒಳಗೆ ಏನು ಮಾಡುತ್ತದೆ? ಸೆಕೆಂಡಿಗೆ ಹತ್ತಾರು ಸಲ ಒಂದೇ ಲೆಕ್ಕ ಹಾಕುತ್ತಿರುತ್ತದೆ. ಈಗ ವೇಗ ಎಷ್ಟು, ರೆಕ್ಕೆಗೆ ಗಾಳಿ ಯಾವ ಕೋನದಲ್ಲಿ ಬಡಿಯುತ್ತಿದೆ, ಎತ್ತುವ ಬಲ ಎಷ್ಟು, ಎಳೆತ ಎಷ್ಟು, ಹಾಗಾದರೆ ಮುಂದಿನ ಕ್ಷಣ ವಿಮಾನ ಎಲ್ಲಿರಬೇಕು? ಫ್ಲೈಟ್‌ಗಿಯರಿನ ಸೆಸ್ನಾದಲ್ಲಿ ಇಷ್ಟು ಕೋನಕ್ಕೆ ಇಷ್ಟು ಬಲ ಎಂಬ ಕೋಷ್ಟಕಗಳನ್ನು ಬಳಸುತ್ತಾರೆ. ಎಕ್ಸ್‌-ಪ್ಲೇನ್ ರೆಕ್ಕೆಯನ್ನೇ ಸಣ್ಣ ಸಣ್ಣ ತುಂಡು ಮಾಡಿಕೊಂಡು, ಒಂದೊಂದರ ಮೇಲಿನ ಬಲವನ್ನೂ ಲೆಕ್ಕ ಹಾಕಿ ಕೂಡಿಸುತ್ತದೆ. ನೆಲದ ಮೇಲೆ ಕೂತು ಹಾರಾಟ ಕಲಿಯುವ ಆಸೆ ಕಂಪ್ಯೂಟರಿಗಿಂತ ಹಳೆಯದು. 1920ರ ದಶಕದ ಕೊನೆಯಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿದ್ದ ತಿದಿಗಳನ್ನೇ ಬಳಸಿ, ಅಲ್ಲಾಡುವ, ವಾಲುವ ಪುಟ್ಟ ವಿಮಾನ ಮಾಡಿದ. ಎರಡನೇ ಮಹಾಯುದ್ಧದ ಎಷ್ಟೋ ಪೈಲಟ್‌ಗಳು ಮೊದಲು ಕೂತದ್ದು ಅದರೊಳಗೆ. ಬ್ರೂಸ್ ಆರ್ಟ್‌ವಿಕ್ ಬರೆದ ತಂತ್ರಾಂಶ 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ ಬಂದ ಮೇಲೆ ಆ ಪೆಟ್ಟಿಗೆ ಮನೆಯ ಮೇಜಿಗೇ ಬಂದಂತಾಯಿತು.

ಮೊದಲ ಪಾಠ ಸರ್ಕಿಟ್. ರನ್‌ವೇಯಿಂದ ಏರಿ, ಸಾಮಾನ್ಯವಾಗಿ ಎಡಕ್ಕೇ ತಿರುಗುತ್ತಾ ಆಯತಾಕಾರದಲ್ಲಿ ಒಂದು ಸುತ್ತು ಬಂದು ಮತ್ತೆ ಅಲ್ಲೇ ಇಳಿಯುವುದು. ನೆಲದಿಂದ 1,000 ಅಡಿ ಏರಿದರೆ ಸಾಕು. ಜಕ್ಕೂರಿನಲ್ಲಾದರೆ ಎತ್ತರದ ಮೀಟರ್ 4,000 ಅಡಿ ತೋರಿಸಬೇಕು. ಇಷ್ಟರಲ್ಲೇ ಹಾರಾಟದ ಎಲ್ಲ ಕೆಲಸವೂ ಬಂತು. ಒಂದು ಸುತ್ತಿಗೆ ಐದಾರು ನಿಮಿಷ. ಅರ್ಧ ಗಂಟೆಯಲ್ಲಿ ಐದು ಸಲ ಇಳಿಯಬಹುದು.

ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲನ್ನು ಪೂರ್ತಿ ಒತ್ತಿದ ಕೂಡಲೇ ವಿಮಾನ ಎಡಕ್ಕೆ ಎಳೆಯುತ್ತದೆ. ಜಾಯ್‌ಸ್ಟಿಕ್ ಸರಿಯಿಲ್ಲ ಅಂದುಕೊಳ್ಳಬೇಡಿ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ಸುರುಳಿ ಸುತ್ತುತ್ತಾ ಹೋಗಿ ಬಾಲದ ಎಡಪಕ್ಕಕ್ಕೆ ಬಡಿಯುತ್ತದೆ. ಬಾಲ ಬಲಕ್ಕೆ, ಮೂತಿ ಎಡಕ್ಕೆ. ಬಲ ರಡ್ಡರ್ ಕೊಟ್ಟು ಗೆರೆಯ ಮೇಲೇ ಇರಿ. ವೇಗ 55 ನಾಟ್ (ಗಂಟೆಗೆ ಸುಮಾರು 100 ಕಿ.ಮೀ.) ಆದಾಗ ಹಿಡಿಯನ್ನು ಮೆಲ್ಲಗೆ ಎಳೆಯಿರಿ. ಆಮೇಲೆ 75ರ ಹತ್ತಿರ ಇಟ್ಟುಕೊಂಡು ಏರಿ.

ಇಲ್ಲೊಂದು ಪ್ರಯೋಗ ಮಾಡಿ ನೋಡಿ. ಸಿಮ್ಯುಲೇಟರಿನಲ್ಲಿ ತಾಪಮಾನ 30 ಡಿಗ್ರಿಗೆ ಇಟ್ಟು ಮೊದಲು ಮಂಗಳೂರಿನ ಬಜ್ಪೆಯಿಂದ ಏರಿ, ಆಮೇಲೆ ಜಕ್ಕೂರಿನಿಂದ. ಜಕ್ಕೂರಿನಲ್ಲಿ ವಿಮಾನ ಜಾಸ್ತಿ ದೂರ ಓಡುತ್ತದೆ, ಮೇಲೇರಲು ಸೋಮಾರಿತನ ಮಾಡುತ್ತದೆ. ಎತ್ತರ ಮತ್ತು ಬಿಸಿಲು ಎರಡೂ ಸೇರಿ ಗಾಳಿ ಎಷ್ಟು ತೆಳುವಾಗಿರುತ್ತದೆಂದರೆ, ವಿಮಾನದ ಪಾಲಿಗೆ ಅದು ಸುಮಾರು 5,500 ಅಡಿ ಎತ್ತರದ ಗಾಳಿ. ಬಜ್ಪೆಯಲ್ಲಿ ಅದೇ ಲೆಕ್ಕ 2,200ರ ಆಸುಪಾಸು. ತೆಳು ಗಾಳಿಯಲ್ಲಿ ಎಂಜಿನ್ನಿನ ಶಕ್ತಿ ಕಡಿಮೆ. ವೇಗದ ಮೀಟರ್ 55 ತೋರಿಸಬೇಕಾದರೆ ನೆಲದ ಮೇಲೆ ನಿಜವಾಗಿ 60 ನಾಟ್ ಓಡಬೇಕು. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ, ರನ್‌ವೇ ಮುಗಿಯುತ್ತಾ ಬಂದು ಚಕ್ರ ಇನ್ನೂ ನೆಲ ಬಿಡದೇ ಇದ್ದಾಗ ನನಗೆ ಇದು ಅರ್ಥವಾಯಿತು.

ಇನ್ನು ಟ್ರಿಮ್, ಅಂದರೆ ಹಿಡಿಯನ್ನು ಎಳೆದು ಹಿಡಿದೇ ಇರದೆ ಮೂತಿಯನ್ನು ಬೇಕಾದಲ್ಲೇ ನಿಲ್ಲಿಸುವ ಏರ್ಪಾಡು. ಹೊಸಬರು ಜಾಸ್ತಿ ಸುಸ್ತಾಗುವುದು ಇದನ್ನು ಬಳಸದೇ. ಸೆಸ್ನಾದಲ್ಲಿ ಕಾಲಿನ ಹತ್ತಿರ ಅಂಗೈಯಗಲದ ಒಂದು ಚಕ್ರ ಇರುತ್ತದೆ. ಮೂತಿಯನ್ನು ಬೇಕಾದಷ್ಟು ಎತ್ತಿ ಹಿಡಿದುಕೊಂಡು, ಕೈಗೆ ಭಾರ ತಾಕದಷ್ಟಾಗುವವರೆಗೆ ಆ ಚಕ್ರ ತಿರುಗಿಸುತ್ತಾರೆ. ಮನೆಯ ಜಾಯ್‌ಸ್ಟಿಕ್ಕಿಗೆ ಈ ಭಾರ ಗೊತ್ತಿಲ್ಲ. ಅದರೊಳಗಿರುವುದು ಸುಮ್ನೆ ಒಂದು ಸ್ಪ್ರಿಂಗ್, ಯಾವಾಗಲೂ ನಡುವಿಗೇ ಎಳೆಯುತ್ತದೆ. ಅದಕ್ಕೇ ಹೀಗೆ ಮಾಡಿ: ಹಿಡಿಯನ್ನು ಎಳೆದು ಮೂತಿಯನ್ನು ಬೇಕಾದ ಕಡೆ ಇಡಿ, ಟ್ರಿಮ್ ಗುಂಡಿಯನ್ನು ಟಿಕ್ ಟಿಕ್ ಎಂದು ಒಂದೊಂದೇ ಸಲ ಒತ್ತಿ. ಒಂದೊಂದು ಟಿಕ್ಕಿಗೂ ಹಿಡಿಯನ್ನು ಒಂದು ಕೂದಲೆಳೆಯಷ್ಟು ನಡುವಿನ ಕಡೆ ಬಿಡಿ. ಮೂತಿ ಅಲ್ಲಾಡಬಾರದು. ಕೊನೆಗೆ ಕೈ ತೆಗೆದರೂ ವಿಮಾನ ಹಾಗೇ ಹೋಗುತ್ತಿರುತ್ತದೆ. ಅಕ್ಕನ ಮಗಳು ಮೊದಲ ಸಲ ಕೈ ತೆಗೆದಾಗ ಉಸಿರು ಬಿಗಿಹಿಡಿದಿದ್ದಳು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ವಿಮಾನ ಹೋಗುತ್ತಲೇ ಇತ್ತು.

ಇಳಿಯುವಾಗ ಮನಸ್ಸು ಒಪ್ಪದ ಒಂದು ವಿಷಯವಿದೆ. ವೇಗ ಕಡಿಮೆಯಾದರೆ ಥ್ರಾಟಲ್ ಕೊಡೋಣ ಅನ್ನಿಸುತ್ತದೆ, ಕಾರಿನ ಹಾಗೆ ಅಲ್ವಾ? ಸಣ್ಣ ವಿಮಾನದಲ್ಲಿ ವೇಗ ಇರುವುದು ಮೂತಿಯಲ್ಲಿ. ಇಳಿಜಾರಿನಲ್ಲಿ ಸೈಕಲ್ ತಾನಾಗೇ ಓಡುವ ಹಾಗೆ, ಮೂತಿ ತಗ್ಗಿಸಿದರೆ ವೇಗ ಬರುತ್ತದೆ. ಎಷ್ಟು ಬೇಗ ಕೆಳಗಿಳಿಯಬೇಕು ಅನ್ನೋದನ್ನು ಥ್ರಾಟಲ್ ನೋಡಿಕೊಳ್ಳುತ್ತದೆ. ರನ್‌ವೇ ದೂರ ಉಳಿಯಿತು ಎಂದು ಮೂತಿಯನ್ನೇ ಎತ್ತುತ್ತಾ ಹೋದರೆ ವೇಗ ಇಳಿಯುತ್ತದೆ, ರೆಕ್ಕೆಗೆ ಗಾಳಿ ಬಡಿಯುವ ಕೋನ ಏರುತ್ತದೆ. ಅದು ಸುಮಾರು 15 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುವುದಿಲ್ಲ, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ನೆಲದಿಂದ 4,000 ಅಡಿ ಮೇಲೆ, ಅಂದರೆ ಜಕ್ಕೂರಿನಲ್ಲಾದರೆ ಎತ್ತರದ ಮೀಟರ್ 7,000 ಅಡಿ ತೋರಿಸುವಾಗ ಬೇಕೆಂದೇ ಹತ್ತು ಸಲ ಮಾಡಿ ನೋಡಿ.

ರನ್‌ವೇಗೆ ನೇರವಾದ ಮೇಲೆ 65 ನಾಟ್ ಹಿಡಿದು, ಮುಂದಿನ ಗಾಜನ್ನು ಗಮನಿಸಿ. ನೆಲದ ಮೇಲಿನ ಎಲ್ಲವೂ ಗಾಜಿನಲ್ಲಿ ಮೇಲಕ್ಕೋ ಕೆಳಕ್ಕೋ ಜಾರುತ್ತಿರುತ್ತದೆ. ಒಂದೇ ಒಂದು ಜಾಗ ಮಾತ್ರ ಅಲ್ಲಾಡದೇ ದೊಡ್ಡದಾಗುತ್ತಾ ಬರುತ್ತದೆ. ನೀವು ಹೋಗಿ ಮುಟ್ಟುವುದು ಅಲ್ಲೇ. ರನ್‌ವೇಯ ತುದಿಯಲ್ಲಿ ಬರೆದಿರುವ ಅಂಕಿಗಳು ಗಾಜಿನಲ್ಲಿ ಮೇಲಕ್ಕೆ ಹೋಗುತ್ತಿದ್ದರೆ ಮೊದಲೇ ನೆಲ ಮುಟ್ಟುತ್ತೀರಿ, ಸ್ವಲ್ಪ ಥ್ರಾಟಲ್ ಕೊಡಿ. ಕೆಳಕ್ಕೆ ಜಾರುತ್ತಿದ್ದರೆ ದಾಟಿ ಹೋಗುತ್ತೀರಿ, ಥ್ರಾಟಲ್ ತಗ್ಗಿಸಿ. ನೆಲ ಹತ್ತಿರ ಬಂದಾಗ ನೋಟವನ್ನು ರನ್‌ವೇಯ ಆ ತುದಿಗೆ ಎತ್ತಿ, ಥ್ರಾಟಲ್ ಪೂರ್ತಿ ಇಳಿಸಿ, ವಿಮಾನವನ್ನು ಇಳಿಯಗೊಡದ ಹಾಗೆ ಹಿಡಿಯನ್ನು ಮೆಲ್ಲಗೆ ಎಳೆಯುತ್ತಾ ಇರಿ. ಅದು ತಾನಾಗೇ ಕೂರುತ್ತದೆ.

ಮನೆಯ ಕುರ್ಚಿ ಕೊಡದೇ ಇರುವುದೂ ಇದೆ. ನಿಜವಾದ ವಿಮಾನ ಜಾರಿದರೆ ಸೀಟಿಗೆ ಗೊತ್ತಾಗುತ್ತದೆ, ಹೊಟ್ಟೆಗೆ ಗೊತ್ತಾಗುತ್ತದೆ. ಇಲ್ಲಿ ಅದಿಲ್ಲದ್ದರಿಂದ ಕಣ್ಣು ಮೀಟರುಗಳಿಗೇ ಅಂಟಿಕೊಳ್ಳುತ್ತದೆ. ಇದು ಕೆಟ್ಟ ಚಾಳಿ. ಹವಾಮಾನ ಚೆನ್ನಾಗಿದ್ದಾಗ ಪೈಲಟ್ ಜಾಸ್ತಿ ಹೊತ್ತು ನೋಡಬೇಕಾದ್ದು ಹೊರಗೆ. ಹಾಗಾಗಿ ಹೋದ ಭಾನುವಾರ ನಾನು ಚೀಟಿ ಕಾಗದದ ಒಂದು ತುಂಡನ್ನು ಪರದೆಯ ಮೇಲೆ, ವೇಗದ ಮೀಟರಿಗೆ ಸರಿಯಾಗಿ ಅಂಟಿಸಿದೆ. ಅವಳು ಮೊದಲು ಗಲಾಟೆ ಮಾಡಿದಳು. ಎರಡು ಸಲ ರನ್‌ವೇ ದಾಟಿ ಹೋಗಿ ಮತ್ತೆ ಸುತ್ತು ಬಂದಳು. ಮೂರನೇ ಸಲ ಗಾಜಿನಾಚೆಯ ದಿಗಂತ, ಎಂಜಿನ್ ಸದ್ದು, ಗಾಳಿಯ ಸದ್ದು, ಇಷ್ಟನ್ನೇ ನಂಬಿ ಕೊನೆಯ ತಿರುವು ತಗೊಂಡಳು. ನಾನು ಕಾಗದದ ಅಂಚು ಎತ್ತಿ ನೋಡಿದೆ. ಮುಳ್ಳು 66ರಲ್ಲಿ ನಿಂತಿತ್ತು.

"ಮಾಮ, ಕೈ ಅಡ್ಡ ಬರ್ತಿದೆ," ಅಂದಳು. ಕಣ್ಣು ರನ್‌ವೇ ಬಿಟ್ಟು ಅಲ್ಲಾಡಲಿಲ್ಲ.